ಕೈಯಲ್ಲಿ ಪೈಲಟ್

ಎಚ್‌ಎಂಟಿ ಪೈಲಟ್ ವಾಚು ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಕಪ್ಪು ಡಯಲ್, ದಪ್ಪ ಅಂಕಿಗಳು. ಬಸ್ಸಿನ ಕಂಬಿ ಹಿಡಿದು ನಿಂತಾಗಲೂ ಒಂದೇ ನೋಟಕ್ಕೆ ಟೈಮ್ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನ್ಯ 12 ಸ್ವಿಸ್ ಕಂಪನಿಗಳಿಂದ ಮಾಡಿಸಿಕೊಂಡ ವಾಚುಗಳೂ ಹೀಗೇ ಇದ್ದವು. ಕರಿ ಮುಖ, ಕತ್ತಲಲ್ಲಿ ಹೊಳೆಯಲು ಬಳಿದ ರೇಡಿಯಂ (ವಿಕಿರಣ ಸೂಸುವ ವಸ್ತು, ಅಬ್ಬಾ!), ಶೋಕಿ ಏನೂ ಇಲ್ಲ.

ಸೈಜು ಮಾತ್ರ ಚಿಕ್ಕದು. ಈಗಿನ ತಟ್ಟೆಯಂಥ ವಾಚುಗಳ ಪಕ್ಕ ಮಕ್ಕಳದು ಅನ್ನಿಸುತ್ತದೆ. ಬ್ಯಾಟರಿ ಇಲ್ಲ, ದಿನಾ ಬೆಳಿಗ್ಗೆ ಕೀ ಕೊಡಬೇಕು. ನನಗಂತೂ ಅದೇ ಜಾಸ್ತಿ ಇಷ್ಟವಾಯಿತು.

ಒಂದು ವಿಚಿತ್ರ ನೋಡಿ. ಗುಂಡಿನ ಮಳೆಯ ನಡುವೆ ನಿಮಿಷ ಎಣಿಸುವವರಿಗೆ ಅಂತ ಹುಟ್ಟಿದ ವಿನ್ಯಾಸ ಇದು. ನಾನು ಇದರಲ್ಲಿ ನೋಡುವುದು ಮೀಟಿಂಗ್ ಯಾವಾಗ ಮುಗಿಯುತ್ತೆ ಅಂತ!

ಬೆಲ್ಟ್ ಬದಲಿಸಬೇಕು. ಖಾಕಿ ಬಟ್ಟೆಯದು ಹಾಕಿಸಲಾ, ಇಲ್ಲ ಚರ್ಮದ್ದೇ ಇರಲಾ?