ಗುಲ್ಕಂದದ ವಾಸನೆ, ಅಡಿಕೆಯ ಚೊಗರು

ವೈನ್ ಬಾಟಲಿ ಮೇಲಿನ ಹೆಸರನ್ನು ನಾನು 'ರುಚೆ' ಅಂತ ಓದಿದೆ. ಎದುರಿಗಿದ್ದ ಸಹೋದ್ಯೋಗಿ ನಕ್ಕ. "ರುಚೆ ಅಲ್ಲ, ರುಕೆ" ಅಂದ. ch ಅಂತ ಬರೆದಿದ್ದನ್ನು ನಾವು 'ಚ' ಅಂತ ಓದುವ ಕಡೆ ಇಟಾಲಿಯನ್ನರು 'ಕ' ಅನ್ನುತ್ತಾರೆ. ಇಟಲಿಯ ಟೊರಿನೊಗೆ ಬಂದು ನಾಲ್ಕು ವರ್ಷ ಆದಮೇಲೂ ಇಂಥ ತಪ್ಪು ಮಾಡುತ್ತೇನೆ. ಆದರೆ ನಮ್ಮ ಭಾಷೆಯಲ್ಲಿ ರುಚಿ ಅಂದರೆ ಏನು ಅಂತ ಹೇಳಿದ ಮೇಲೆ ಅವನಿಗೇ ಖುಷಿಯಾಯಿತು. ಈಗ ಅವನೂ ಬೇಕಂತಲೇ ರುಚೆ ಅನ್ನುತ್ತಾನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈನ್ ಪಂಡಿತ ಅಲ್ಲ. ಸಾಗರದ ಕಡೆಯ ಅಡಿಕೆ ತೋಟದ ಮನೆಯವನು. ನಮ್ಮ ಮನೆಯಲ್ಲಿ ಬಾಟಲಿಯಲ್ಲಿ ಬರುವ ಇಂಥದ್ದಕ್ಕೆಲ್ಲ ಒಂದೇ ಹೆಸರು, ಬ್ರಾಂದಿ. ಇಲ್ಲಿ ಮಧ್ಯಾಹ್ನದ ಊಟಕ್ಕೆ ಅರ್ಧ ಗ್ಲಾಸ್ ವೈನ್ ಇಟ್ಟುಕೊಳ್ಳುತ್ತಾರೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನೂ ಕುಡಿತೀಯೇನೋ?" ಅಂದಳು. ದ್ರಾಕ್ಷಿ ರಸ ಹುಳಿಬರಿಸಿದ್ದು ಅಷ್ಟೇ ಅಮ್ಮ, ನೀನು ಬಾಣಂತನದಲ್ಲಿ ಕುಡಿದ ದ್ರಾಕ್ಷಾಸವದ ಹಾಗೆ ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ದ್ರಾಕ್ಷಾಸವದಲ್ಲೂ ತಾನಾಗಿ ಹುಟ್ಟಿದ ಮದ್ಯದ ಅಂಶ ಇರುತ್ತದೆ, ಬಾಟಲಿ ಮೇಲೇ ಬರೆದಿರುತ್ತದೆ. ಅಮ್ಮ ಒಪ್ಪಿದಳೋ ಸುಮ್ಮನಾದಳೋ ಗೊತ್ತಿಲ್ಲ. ಮಾತು ತೋಟದ ಕೊಳೆರೋಗಕ್ಕೆ ಹೋಯಿತು.

ಇಟಲಿಯ ಈ ಮೂಲೆಗೆ ಪಿಯೆಮೊಂತೆ ಅಂತ ಹೆಸರು. ವೈನ್ ತಿಳಿದವರಿಗೆ ಇದು ಬರೋಲೊ, ಬಾರ್ಬರೆಸ್ಕೊದ ನಾಡು. ಆ ಎರಡೂ ನೆಬ್ಬಿಯೋಲೊ ಅನ್ನುವ ದ್ರಾಕ್ಷಿಯಿಂದ ಆಗುವಂಥವು, ಬೆಲೆಯೂ ಹಾಗೇ ಇರುತ್ತದೆ. ದಿನನಿತ್ಯಕ್ಕೆ ಜನ ಕುಡಿಯುವುದು ಬಾರ್ಬೆರಾ. ರುಕೆ ಇವೆರಡರ ನಡುವೆ ಎಲ್ಲೋ ಕಳೆದುಹೋದ ತಮ್ಮನ ಹಾಗೆ. ಅಸ್ತಿ ಪಟ್ಟಣದ ಈಶಾನ್ಯಕ್ಕೆ, ಕಸ್ತಾನ್ಯೋಲೆ ಮೊನ್ಫೆರ್ರಾತೊ ಅನ್ನುವ ಹಳ್ಳಿ ಮತ್ತು ಅದರ ಸುತ್ತಿನ ಆರು ಊರು, ಒಟ್ಟು ಏಳು ಊರಿನಲ್ಲಿ ಬೆಳೆದರೆ ಮಾತ್ರ ಆ ಹೆಸರು ಹಾಕಬಹುದು. ಆ ಏಳರಲ್ಲಿ ಪೋರ್ತಕೊಮಾರೊ ಒಂದು. ಪೋಪ್ ಫ್ರಾನ್ಸಿಸ್ ಅವರ ಅಜ್ಜನ ಊರು ಅದು. ಟೊರಿನೊದವರಲ್ಲೇ ಎಷ್ಟೋ ಜನ ರುಕೆ ಕುಡಿದಿಲ್ಲ. ನನ್ನ ಮೇಲಿನ ಮನೆಯ ಮುದುಕರು, ಹುಟ್ಟಿದ್ದೇ ಈ ಊರಿನಲ್ಲಿ, "ಅದು ಹೆಂಗಸರ ಸೆಂಟಿನ ಹಾಗೆ" ಅಂತ ಮೂಗು ಮುರಿದರು.

ಮೂಗಿನ ವಿಷಯಕ್ಕೇ ಬರೋಣ. ಯಾಕಂದರೆ ಈ ವೈನ್ ಇರುವುದೇ ಮೂಗಿಗೆ.

ಗ್ಲಾಸಿಗೆ ಬಗ್ಗಿಸಿದಾಗ ಬಣ್ಣ ಗಾಢ ಅಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಾಡುವ ಮುರುಗಲ ಹಣ್ಣಿನ ಪಾನಕ ನೆನಪಿಸಿಕೊಳ್ಳಿ, ಕರಾವಳಿಯವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ ಕೆಂಪು. ಅಂಚಿನಲ್ಲಿ ಸ್ವಲ್ಪ ನೇರಳೆ. ಗ್ಲಾಸಿನ ಆಚೆ ಹಿಡಿದ ಬೆರಳು ಮಸುಕಾಗಿ ಕಾಣುತ್ತದೆ. ಇದೇನು ನೀರು ನೀರು ಅಂದುಕೊಂಡು ಮೂಗು ಹತ್ತಿರ ತಂದೆ. ಗುಲಾಬಿ! ಅಂಗಡಿಯ ಗುಲಾಬಿ ಶರಬತ್ತಿನ ಗುಲಾಬಿ ಅಲ್ಲ. ಜಾಡಿಯಲ್ಲಿ ಎಸಳು, ಸಕ್ಕರೆ ಒಂದರ ಮೇಲೊಂದು ಹರಡಿ ಬಿಸಿಲಿಗೆ ಇಟ್ಟ ಗುಲ್ಕಂದ ಇದೆಯಲ್ಲ, ಮುಚ್ಚಳ ತೆಗೆದ ಕೂಡಲೇ ಬರುವ ಆ ವಾಸನೆ. ಎಸಳು ಬಾಡಿ, ಸ್ವಲ್ಪ ಕಂದಿ, ಜೇನಿನಂತಾಗಿರುವ ಗುಲಾಬಿ. ಗ್ಲಾಸ್ ಒಂದು ಸುತ್ತು ತಿರುಗಿಸಿ ಮತ್ತೆ ಮೂಸಿದೆ. ಈಗ ಕಾಳುಮೆಣಸು ಬಂತು. ಅದೂ ಪುಡಿ ಮಾಡಿದ್ದಲ್ಲ, ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಿತ್ತು ಉಗುರಲ್ಲಿ ಒಡೆದ ಹಸಿ ಮೆಣಸು. ಹಿಂದೆಲ್ಲೋ ಒಂದು ಲವಂಗ.

ಇಷ್ಟು ವಾಸನೆ ಇದ್ದ ಮೇಲೆ ಬಾಯಿಗೆ ಸಿಹಿ ಇರಬೇಕು ಅಲ್ವಾ? ಇಲ್ಲ. ಒಂದು ಚೂರೂ ಸಿಹಿ ಇಲ್ಲ. ಮೂಗು ಒಂದು ಹೇಳುತ್ತದೆ, ನಾಲಿಗೆ ಇನ್ನೊಂದು. ಮೊದಲ ಗುಟುಕಿಗೆ ನನಗೆ ಮೋಸಹೋದ ಹಾಗೆ ಆಯಿತು. ಎರಡನೆಯದಕ್ಕೆ ನಗು ಬಂತು. ಮೂರನೆಯದಕ್ಕೆ, ಎಲ್ಲ ನುಂಗಿ ಆದಮೇಲೆ, ನಾಲಿಗೆಯ ಎರಡೂ ಬದಿ ಹಿಡಿದುಕೊಂಡಿತು. ಕೊನೆಯಲ್ಲಿ ಒಂದು ಸಣ್ಣ ಕಹಿ.

ಈ 'ಹಿಡಿದುಕೊಳ್ಳುವುದು' ಏನು ಅಂತ ಹೇಳಲು ಸಹೋದ್ಯೋಗಿ ತುಂಬಾ ಕಷ್ಟಪಟ್ಟ. ಟ್ಯಾನಿನ್ ಅಂದ. ಇಟಾಲಿಯನ್ನಿನಲ್ಲಿ 'ಅಲ್ಲಪ್ಪಾಂತೆ' ಅಂತ ಒಂದು ಶಬ್ದ ಇದೆ ಅಂದ. ಬಲಿಯದ ಹಣ್ಣು ತಿಂದ ಹಾಗೆ, ಬಾಯಿಗೆ ಬಟ್ಟೆ ತುರುಕಿದ ಹಾಗೆ ಅಂತ ಕೈಕರಣ ಮಾಡಿ ತೋರಿಸಿದ. ಅಯ್ಯೋ, ಒಗರು! ಇಷ್ಟಕ್ಕೆ ಇಷ್ಟು ಒದ್ದಾಟವಾ? ನಮ್ಮಲ್ಲಿ ಆರು ರುಚಿಗಳಲ್ಲಿ ಒಂದು ಅದು. ಬಾಳೆಕಾಯಿ, ನೇರಳೆ ಹಣ್ಣು, ಎಳೆ ಗೇರುಹಣ್ಣು, ಯಾವುದೂ ಬೇಡ ಅಂದರೆ ಒಂದು ಹೋಳು ಹಸಿ ಅಡಿಕೆ ಅಗಿದರೆ ಸಾಕು. ವೈನ್ ರುಚಿ ನೋಡುವವರು ಬರೆಯುವುದನ್ನು ಓದಿದರೆ ನನಗೆ ಯಾವಾಗಲೂ ಕೀಳರಿಮೆ. ಅವರು ಹೇಳುವ ಹಣ್ಣುಗಳನ್ನು ನಾನು ಚಿಕ್ಕಂದಿನಲ್ಲಿ ಕಂಡೇ ಇಲ್ಲ. ಕಾಡಿನ ನೆಲದ ವಾಸನೆ ಅನ್ನುತ್ತಾರೆ, ಅವರ ಕಾಡೇ ಬೇರೆ, ನಮ್ಮ ಕಾಡೇ ಬೇರೆ. ಒಗರಿನ ವಿಷಯದಲ್ಲಿ ಮಾತ್ರ ಆ ದಿನ ನಾನೇ ಮೇಷ್ಟ್ರು. ಬಾರ್ಬೆರಾ ಹುಳಿ ಜಾಸ್ತಿ, ಒಗರು ಕಮ್ಮಿ. ಬರೋಲೊ ಒಗರೋ ಒಗರು, ಅದಕ್ಕೇ ವರ್ಷಗಟ್ಟಲೆ ಇಟ್ಟು ಕಾಯುತ್ತಾರೆ. ರುಕೆಗೆ ಹುಳಿ ಅಷ್ಟಿಲ್ಲ, ಒಗರು ಹದ. ಹಾಗೆ ಹೇಳಿದೆ. ಸರಿ ಅಂದ.

ಎರಡನೇ ಬಾಟಲಿ ನಾನೇ 13 ಯೂರೊ ಕೊಟ್ಟು ತಂದೆ. ತಂದು ಹಾಳುಮಾಡಿದೆ. ಆಗಸ್ಟಿನಲ್ಲಿ ರಜೆಗೆ ಹೋಗುವಾಗ ಅಡುಗೆಮನೆಯ ಕಪಾಟಿನ ಮೇಲೆ ಇಟ್ಟಿದ್ದೆ. ಮೇಲಿನ ಮಹಡಿ, ಮುಚ್ಚಿದ ಕಿಟಕಿ. ವಾಪಸ್ ಬಂದು ತೆಗೆದರೆ ಗುಲಾಬಿ ಎಲ್ಲೂ ಇಲ್ಲ. ತಳ ಹಿಡಿದ ಜಾಮ್ ವಾಸನೆ. ಅದನ್ನು ಮೇಲಿನ ಮನೆಯ ಮುದುಕರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಈಗಲೂ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಜಾಮ್ ಆಯ್ತಾ ಅಂತ ಕೇಳುತ್ತಾರೆ.

ಸೆಪ್ಟೆಂಬರ್ ಮಧ್ಯದಲ್ಲಿ ಸಹೋದ್ಯೋಗಿ ನನ್ನನ್ನು ಕಸ್ತಾನ್ಯೋಲೆಗೆ ಕರೆದುಕೊಂಡು ಹೋದ. ಅವನ ಅಮ್ಮನ ಮನೆ ಅಲ್ಲೇ ಹತ್ತಿರ. ಅಸ್ತಿ ದಾಟಿದ ಮೇಲೆ ದಾರಿ ಪೂರ್ತಿ ಗುಡ್ಡ, ಗುಡ್ಡದ ಮೈಗೆಲ್ಲ ಬಾಚಣಿಗೆಯಲ್ಲಿ ಗೀರಿದ ಹಾಗೆ ದ್ರಾಕ್ಷಿ ಸಾಲು. ಪಿಯೆಮೊಂತೆಯ ಈ ದ್ರಾಕ್ಷಿ ಗುಡ್ಡಗಳಲ್ಲಿ ಕೆಲವನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ಊರು ಪುಟ್ಟದು. ಒಂದು ಚರ್ಚು, ಒಂದು ಬಾರು, ಬೆಕ್ಕುಗಳು. ಈ ಊರಿನಲ್ಲಿ ಯಾರಾದರೂ ನಿಮಗೆ ರುಕೆ ಕೊಟ್ಟರೆ ನಿಮ್ಮನ್ನು ಕಂಡರೆ ಇಷ್ಟ ಅಂತ ಅರ್ಥ, ಇದು ಅಲ್ಲಿಯವರ ಮಾತು. ಅದು ಬರಿಯ ಡೌಲಲ್ಲ. ಹಿಂದೆ ಇಲ್ಲಿ ರುಕೆಯನ್ನು ಮಾರುತ್ತಿರಲಿಲ್ಲ. ಬಾರ್ಬೆರಾ ಸಾಲುಗಳ ನಡುವೆ ನಾಲ್ಕು ಬಳ್ಳಿ ಇಟ್ಟುಕೊಂಡು, ಸಿಹಿಯಾಗಿ ಮಾಡಿ, ಹಬ್ಬಕ್ಕೆ ಮದುವೆಗೆ ಅಂತ ಎತ್ತಿಡುತ್ತಿದ್ದರು.

ಅದು ಉಳಿದಿದ್ದು ಒಬ್ಬ ಪಾದ್ರಿಯಿಂದ. 1964ರಲ್ಲಿ ದೋನ್ ಜಾಕೊಮೊ ಕೌದಾ ಈ ಊರಿನ ಚರ್ಚಿಗೆ ಬಂದರು. ಚರ್ಚಿನ ಜಮೀನಿನ ಜೊತೆಗೆ ಒಂದಿಷ್ಟು ಹಳೆಯ ರುಕೆ ಬಳ್ಳಿಗಳೂ ಬಂದವು. ಬೇರೆಯವರಾದರೆ ಕಿತ್ತು ಬಾರ್ಬೆರಾ ಹಾಕುತ್ತಿದ್ದರು. ಇವರು ಆ ಹಣ್ಣನ್ನು ಬೇರೆ ಮಾಡಿ, ಸಿಹಿ ಉಳಿಸದೆ, ವೈನ್ ಮಾಡಿ ನೋಡಿದರು. ಪೂಜೆ ಮುಗಿಸಿ ಟ್ರ್ಯಾಕ್ಟರ್ ಹತ್ತುವ ಪಾದ್ರಿ. ಆ ತೋಟಕ್ಕೆ ಈಗಲೂ 'ಪಾದ್ರಿಯ ತೋಟ' ಅಂತಲೇ ಹೆಸರು. 1987ರಲ್ಲಿ ರುಕೆಗೆ ಸರ್ಕಾರದ ಡಿಒಸಿ ಗುರುತು, ಅಂದರೆ ಇಂಥ ಊರಿನದ್ದೇ ವೈನ್ ಅನ್ನುವ ಖಾತ್ರಿ, ಬಂತು, 2010ರಲ್ಲಿ ಅದಕ್ಕಿಂತ ಮೇಲಿನ ಡಿಒಸಿಜಿ. ಕಾಯಿದೆ ಪ್ರಕಾರ ನೂರಕ್ಕೆ ಕನಿಷ್ಠ 90 ಭಾಗ ರುಕೆಯೇ ಇರಬೇಕು, ಉಳಿದದ್ದು ಬಾರ್ಬೆರಾ ಅಥವಾ ಬ್ರಾಕೆತ್ತೊ ಅನ್ನುವ ಇನ್ನೊಂದು ದ್ರಾಕ್ಷಿ. ಇದು ಎಲ್ಲಿಂದ ಬಂದ ಬಳ್ಳಿ ಅನ್ನುವುದಕ್ಕೆ ಊರಿನಲ್ಲಿ ತಲೆಗೊಂದು ಕತೆ ಇದೆ. ಸಂತ ರೋಕೊನ ಹೆಸರಿನಿಂದ ಬಂತು ಅನ್ನುವವರು ಕೆಲವರು, ಫ್ರಾನ್ಸಿನ ಬರ್ಗಂಡಿಯಿಂದ ಸನ್ಯಾಸಿಗಳು ತಂದರು ಅನ್ನುವವರು ಕೆಲವರು. ನನಗೆ ಎರಡೂ ಕತೆ ಇಷ್ಟವೇ, ನಂಬಿಕೆ ಮಾತ್ರ ಇಲ್ಲ.

ವೈನ್ ಮಾಡುವ ಜಾಗದೊಳಗೆ ಕಾಲಿಟ್ಟಾಗ ನಾನು ನಿಂತುಬಿಟ್ಟೆ. ಸ್ಟೀಲಿನ ದೊಡ್ಡ ತೊಟ್ಟಿಗಳು. ಒಂದರ ಮೇಲೆ ಏಣಿ ಹತ್ತಿಸಿ ಇಣುಕಲು ಹೇಳಿದರು. ಕೆಳಗೆ ರಸ ಹುಳಿಯುತ್ತಿದೆ, ಮೇಲೆ ಸಿಪ್ಪೆಯೆಲ್ಲ ಎದ್ದು ದಪ್ಪ ಕೆನೆಯ ಹಾಗೆ ನಿಂತಿದೆ. ಅದರ ಮೇಲೆ ಪೈಪಿನಿಂದ ಅದೇ ರಸವನ್ನು ಸುರಿಯುತ್ತಿದ್ದಾರೆ. ಯಾಕೆ ಅಂತ ವಿವರಿಸಲು ಹೊರಟರು. ನನಗೆ ವಿವರ ಬೇಕಿರಲಿಲ್ಲ. ದ್ರಾಕ್ಷಿಯ ತಿರುಳಿಗೆ ಬಣ್ಣ ಇಲ್ಲ, ಬಣ್ಣ ಇರುವುದು ಸಿಪ್ಪೆಯಲ್ಲಿ, ಒಗರು ಸಿಪ್ಪೆ ಮತ್ತು ಬೀಜದಲ್ಲಿ. ಅದನ್ನು ರಸಕ್ಕೆ ಇಳಿಸಬೇಕು. ನಮ್ಮ ಮನೆಯಲ್ಲಿ ಕೊನೆ ಕೊಯ್ಲಿನ ಕಾಲದಲ್ಲಿ ನಡೆಯುವುದು ಇದೇ ಅಲ್ವಾ? ಮೆಟ್ಟುಗತ್ತಿಯಲ್ಲಿ ಸುಲಿದ ಹಸಿ ಅಡಿಕೆ ಹಂಡೆಗೆ ಬೀಳುತ್ತದೆ, ಬೇಯುತ್ತದೆ, ಅದರ ಒಗರು ರಸ, ನಾವು ಚೊಗರು ಅನ್ನುವುದು, ನೀರಿಗೆ ಇಳಿಯುತ್ತದೆ. ಆ ಕೆಂಪು ಚೊಗರನ್ನು ಯಾರೂ ಚೆಲ್ಲುವುದಿಲ್ಲ, ಮುಂದಿನ ಹಂಡೆಗೆ ಅದೇ ಬೇಕು. ಅಡಿಕೆಗೆ ಬಣ್ಣ ಬರುವುದೇ ಅದರಿಂದ. ಹಂಡೆ ಮುಂದೆ ನಿಂತ ಅಪ್ಪ ಒಂದು ಅಡಿಕೆ ಎತ್ತಿ, ಕತ್ತರಿಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಇಲ್ಲಿಯ ಯಜಮಾನ ತೊಟ್ಟಿಯ ನಲ್ಲಿಯಿಂದ ಒಂದು ಗುಟುಕು ಹಿಡಿದು ಬೆಳಕಿಗೆ ಹಿಡಿದ. ತಲೆ ಓರೆ ಮಾಡುವುದೂ ಥೇಟ್ ಅಪ್ಪನ ಹಾಗೇ.

ಸಸ್ಯಾಹಾರಿಗಳಿಗೆ ಒಂದು ಮಾತು. ಕೆಂಪು ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕುವ ಹಳೇ ಪದ್ಧತಿ ಇದೆ. ಎಲ್ಲರೂ ಹಾಕುವುದಿಲ್ಲ, ಕೇಳಿದರೆ ಹೇಳುತ್ತಾರೆ. ಇವರು ಒಂದು ಬಗೆಯ ಜೇಡಿ ಮಣ್ಣು ಬಳಸುತ್ತಾರಂತೆ. ನೆಮ್ಮದಿಯಾಯಿತು.

ರುಕೆ ಖಾರದ ಅಡುಗೆಗೆ ಚೆನ್ನಾಗಿ ಹೊಂದುತ್ತದೆ ಅಂತ ಅಂಗಡಿಯವರೆಲ್ಲ ಹೇಳುತ್ತಾರೆ. ಭಾರತದವನು ಅಂತ ಗೊತ್ತಾದರೆ ಇನ್ನೂ ಜಾಸ್ತಿ ಹೇಳುತ್ತಾರೆ. ನಾನು ಪರೀಕ್ಷೆ ಮಾಡಿ ನೋಡಿದೆ. ಪುಳಿಯೋಗರೆ ಜೊತೆ ದಂಡ. ಹುಣಸೆಯ ಹುಳಿ ಮುಂದೆ ವೈನ್ ಸಪ್ಪೆ ಬಿತ್ತು. ಹಸಿಮೆಣಸಿನಕಾಯಿಯ ಚಟ್ನಿ ಜೊತೆ ಇನ್ನೂ ಕಷ್ಟ. ಇದರಲ್ಲಿ ಮದ್ಯದ ಅಂಶ ಕಮ್ಮಿ ಏನಲ್ಲ, ನನ್ನ ಬಾಟಲಿ ಮೇಲೆ 14.5 ಅಂತ ಇತ್ತು. ಮೆಣಸಿನಕಾಯಿಯ ಉರಿಗೆ ಅದು ತುಪ್ಪ ಸುರಿದ ಹಾಗೆ. ಆದರೆ ಒಂದು ಭಾನುವಾರ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಬ್ಯಾಡಗಿ ಕೈಬಿಟ್ಟು ಬರೀ ಕಾಳುಮೆಣಸು, ಕೊತ್ತಂಬರಿ ಬೀಜ, ಎಳ್ಳು. ಆಗ ನೋಡಿ, ಗ್ಲಾಸಿನ ಮೆಣಸೂ ತಟ್ಟೆಯ ಮೆಣಸೂ ಒಂದನ್ನೊಂದು ಗುರುತು ಹಿಡಿದವು. ಹಾಗಾಗಿ ನನ್ನ ತೀರ್ಪು: ಕಾಳುಮೆಣಸಾದರೆ ಸೈ, ಮೆಣಸಿನಕಾಯಿಯಾದರೆ ಬೇಡ. ಇಲ್ಲಿಯ ಜನಕ್ಕೆ ಇವೆರಡೂ ಬರೀ ಖಾರ, ಅದಕ್ಕೇ ಅವರ ಸಲಹೆ ಅರ್ಧ ಸರಿ.

ಅವತ್ತು ಸಹೋದ್ಯೋಗಿಯ ಅಮ್ಮನ ಮನೆಯಲ್ಲಿ ಊಟ. ಅಂಗಳದ ಚಪ್ಪರಕ್ಕೆ ಒಂದು ದ್ರಾಕ್ಷಿ ಬಳ್ಳಿ. ಅವರು ಒಂದು ಗೊಂಚಲು ಕಿತ್ತು ಕೊಟ್ಟರು. ಕಪ್ಪು ನೀಲಿ, ಮೇಲೆ ಬೂದಿ ಹಚ್ಚಿದ ಹಾಗೆ. ಬಾಯಲ್ಲಿಟ್ಟು ಒತ್ತಿದ ಕೂಡಲೇ ಸಿಪ್ಪೆಯಿಂದ ತಿರುಳು ಜಾರಿ ಗಂಟಲ ಹತ್ತಿರ ಹೋಯಿತು. ಬೆಂಗಳೂರಿನಲ್ಲಿ ಓದುವಾಗ ತಳ್ಳುಗಾಡಿಯಲ್ಲಿ ತೂಗಿಸಿಕೊಂಡು ತಿನ್ನುತ್ತಿದ್ದ ದೇವನಹಳ್ಳಿ ಕಡೆಯ ದ್ರಾಕ್ಷಿ! ಕೇಳಿದರೆ ಇದಕ್ಕೆ ಇಲ್ಲಿ 'ಉವಾ ಫ್ರಾಗೊಲಾ', ಸ್ಟ್ರಾಬೆರಿ ದ್ರಾಕ್ಷಿ ಅಂತ ಹೆಸರು. ಅಮೆರಿಕದಿಂದ ಬಂದ ಇಸಬೆಲ್ಲಾ ತಳಿ. ನಮ್ಮ ಬೆಂಗಳೂರು ಬ್ಲೂ ಕೂಡ ಅದೇ. ತಮಾಷೆ ಏನಂದರೆ ಇದರಿಂದ ಮಾಡಿದ ವೈನನ್ನು ಇಟಲಿಯಲ್ಲಿ ಮಾರುವ ಹಾಗಿಲ್ಲ, ಕಾಯಿದೆ ಅಡ್ಡ ಬರುತ್ತದೆ. ಮನೆಮಟ್ಟಿಗೆ ಮಾಡಿಕೊಂಡು ಕುಡಿದರೆ ಕೇಳುವವರಿಲ್ಲ. ನಮ್ಮಲ್ಲಿ ಅದರದ್ದೇ ಸಿಹಿ ವೈನ್ ಅಂಗಡಿಯಲ್ಲಿ ಸಿಗುತ್ತದೆ. ಆ ಅಮ್ಮ ಕೆಳಗಿನಿಂದ ಒಂದು ಹಳೇ ನೀರಿನ ಬಾಟಲಿಯಲ್ಲಿ ಏನೋ ತಂದು ಬಗ್ಗಿಸಿದರು. ಏನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಒಂದು ಬಾಟಲಿ ರುಕೆ ಬಟ್ಟೆ ನಡುವೆ ಸುತ್ತಿ ಒಯ್ದೆ. ಎರಡು ಲೀಟರ್ ತನಕ ಸುಂಕ ಇಲ್ಲ. ಮನೆಯಲ್ಲಿ ತೆಗೆಯಲೋ ಬೇಡವೋ ಅಂತ ಮೂರು ದಿನ ಯೋಚನೆ. ಅಮ್ಮ ತಾನೇ ಕೇಳಿದಳು, ಅದೇನೋ ತಂದಿದ್ದೀಯಲ್ಲ ತೋರಿಸು ಅಂತ. ಮುಚ್ಚಳ ತೆಗೆದು ಲೋಟ ಮೂಗಿನ ಹತ್ತಿರ ಹಿಡಿದೆ. ಕುಡಿಯಲಿಲ್ಲ. ಮೂಸಿದಳು. "ಇದು ಗುಲ್ಕಂದ ಮಾಡಿದ ಜಾಡಿ ತೊಳೆಯದೇ ಇಟ್ಟ ವಾಸನೆ" ಅಂದು ಒಳಗೆ ಹೋದಳು.

ಅಪ್ಪ ಜಗಲಿಯಲ್ಲಿ ಕೂತಿದ್ದ. ಆಚೀಚೆ ನೋಡಿ ಕೈ ಚಾಚಿದ. ಔಷಧಿ ಬಾಟಲಿಯ ಮುಚ್ಚಳದಲ್ಲಿ ಒಂದು ಅಳತೆ ಹಾಕಿ ಕೊಟ್ಟೆ. ನಾಲಿಗೆ ಮೇಲೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲೋಟದಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡಿದ.

"ಚೊಗರು ಅಡ್ಡಿಲ್ಲ," ಅಂದ. "ಬಣ್ಣ ಸಾಲದು."