ಬೆಪ್ಪು ಅನ್ನೋ ಊರಲ್ಲಿ ಏಳು ನರಕ, ಒಂದು ಸ್ನಾನ

ಹೌದು, ಊರಿನ ಹೆಸರೇ ಬೆಪ್ಪು. ಜಪಾನಿನ ಕ್ಯೂಷೂ ದ್ವೀಪದಲ್ಲಿ ಓಯಿತಾ ಅಂತ ಒಂದು ಪ್ರಾಂತ್ಯ, ಅಲ್ಲಿ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಜ್ವಾಲಾಮುಖಿ ಬೆಟ್ಟ, ನಡುವೆ ಚರಂಡಿ ಸಂದಿಯಿಂದೆಲ್ಲ ಬುಸಬುಸ ಹಬೆ ಏಳ್ತಿರೋ ಊರು. "ಬೆಪ್ಪುಗೆ ಟಿಕೆಟ್ ಮಾಡಿದೀನಿ ಕಣೆ" ಅಂತ ಇವರು ಅಂದಾಗ "ಬೆಪ್ಪರಿಗೆ ಟಿಕೆಟ್ ಬೇರೆ ಯಾಕ್ರೀ" ಅಂದೆ, ಆ ಜೋಕನ್ನ ಇಬ್ಬರೂ ಸೇರಿ ಸವೆಯೋ ತನಕ ಉಜ್ಜಿದ್ವಿ.

ನಗು ನಿಂತಿದ್ದು ಸ್ನಾನದ ರೂಲ್ಸ್ ಓದಿದಾಗ. ಒನ್ಸೆನ್ ಅಂದ್ರೆ ಬಿಸಿನೀರ ಬುಗ್ಗೆ, ಅದರ ಸ್ನಾನದ ಮನೆಗೂ ಅದೇ ಹೆಸರು. ಹೆಂಗಸರಿಗೆ ಬೇರೆ ಗಂಡಸರಿಗೆ ಬೇರೆ, ಸರಿ, ಆದ್ರೆ ಒಳಗೆ ಯಾರ ಮೈಮೇಲೂ ಒಂದೆಳೆ ಬಟ್ಟೆ ಇರೋ ಹಾಗಿಲ್ಲ. ಸ್ವಿಮ್ ಸೂಟ್ ಇಲ್ಲ, ಟವೆಲ್ ಕೂಡ ನೀರಿಗೆ ಅದ್ದಬಾರದು. ನಾನು ಖಡಾಖಂಡಿತವಾಗಿ ಹೇಳ್ಬಿಟ್ಟೆ, ನೋಡೋಕೆ ಬರ್ತೀನಿ, ಮುಳುಗೋಕಲ್ಲ. ಇವರೋ ಹುಟ್ಟಿದಾಗಿಂದ ಒನ್ಸೆನ್ನಲ್ಲೇ ಬೆಳೆದವರ ತರ "ಅದರಲ್ಲೇನಿದೆ, ಎಲ್ಲರೂ ಮನುಷ್ಯರೇ ತಾನೆ" ಅಂತ ಭಾಷಣ.

ಫುಕುಓಕಾದ ಹಕಾತ ಸ್ಟೇಷನ್‌ನಲ್ಲಿ ಬೆಳಿಗ್ಗೆ ಸೋನಿಕ್ ಅನ್ನೋ ಎಕ್ಸ್‌ಪ್ರೆಸ್ ಹತ್ತಿದ್ವಿ, ಸುಮಾರು ಎರಡು ಗಂಟೆ ದಾರಿ. ಕೊಕುರಾ ಬರ್ತಿದ್ದ ಹಾಗೆ ಇದ್ದಕ್ಕಿದ್ದಂಗೆ ಬೋಗಿಲಿರೋರೆಲ್ಲ ಎದ್ದು ನಿಂತ್ರು. ಇಳಿಯೋಕಲ್ಲ! ಅಲ್ಲಿಂದ ಟ್ರೇನು ಹಿಂದುಮುಂದಾಗಿ ಹೊರಡುತ್ತೆ, ಅದಕ್ಕೆ ಎಲ್ಲರೂ ತಮ್ಮ ತಮ್ಮ ಸೀಟನ್ನ ಗರ್ರನೆ ತಿರುಗಿಸಿ ಮತ್ತೆ ಕೂತ್ಕೊಂಡ್ರು, ಒಂದು ಮಾತಿಲ್ಲ ಕತೆಯಿಲ್ಲ. ನಾವಿಬ್ಬರೇ ತಿರುಗಿಸೋಕೆ ಗೊತ್ತಾಗದೆ ಹಿಂದಿನ ಸೀಟಿನೋರ ಮುಖಕ್ಕೆ ಮುಖ ಕೊಟ್ಟು ಕೂತಿದ್ವಿ, ಕೊನೆಗೆ ಅವರೇ ಬಂದು ತಿರುಗಿಸಿಕೊಟ್ರು. ಬೆಪ್ಪರು ಯಾರು ಅಂತ ಆಗ್ಲೇ ತೀರ್ಮಾನ ಆಯ್ತು.

ಬೆಪ್ಪು ಸ್ಟೇಷನ್ ಮುಂದೆ ಎರಡೂ ಕೈ ಮೇಲೆತ್ತಿ ಕುಣಿಯೋ ತರ ನಿಂತಿರೋ ಒಬ್ಬ ಅಜ್ಜನ ಪ್ರತಿಮೆ. ಅಬುರಾಯಾ ಕುಮಾಹಾಚಿ ಅಂತ, ಈ ಊರಿಗೆ ಟೂರಿಸ್ಟ್‌ಗಳನ್ನ ಕರೆಸಿದ ಪುಣ್ಯಾತ್ಮ, 1928ರಲ್ಲೇ ಇಲ್ಲಿ ಹುಡುಗಿಯರನ್ನೇ ಗೈಡ್‌ಗಳಾಗಿ ಇಟ್ಟು ಬಸ್ ಟೂರ್ ಶುರು ಮಾಡಿದ್ದನಂತೆ. ಆ ಟೂರ್ ಎಲ್ಲಿಗೆ ಅಂದ್ರೆ ನರಕಕ್ಕೆ. ಜಿಗೋಕು ಅಂದ್ರೆ ನರಕ. ಕುದಿಯೋ ನೀರು, ಕೊತಕೊತ ಅನ್ನೋ ಕೆಸರು, ಬೆಳೆ ಬರಲ್ಲ, ಹತ್ತಿರ ಹೋಗೋ ಹಾಗಿಲ್ಲ, ಹಿಂದಿನೋರು ಇಂಥ ಜಾಗಕ್ಕೆ ಇನ್ನೇನು ಹೆಸರಿಟ್ಟಾರು. ಈಗ ಏಳು ನರಕಕ್ಕೂ ಸೇರಿ ಒಂದು ಟಿಕೆಟ್. ಪಾಪ ಮಾಡದೆ ದುಡ್ಡು ಕೊಟ್ಟು ಹೋಗೋ ನರಕ.

ಬಸ್ಸಲ್ಲಿ ಕನ್ನಾವಾ ಅನ್ನೋ ಕಡೆ ಇಳಿದ್ರೆ ಐದು ನರಕ ನಡೆಯೋ ದೂರದಲ್ಲೇ. ಮೊದಲು ಉಮಿ ಜಿಗೋಕು, ಸಮುದ್ರ ನರಕ. ಹಬೆಯ ಪರದೆ ಗಾಳಿಗೆ ಸರಿದಾಗ ಒಂದು ಕ್ಷಣ ಕೆಳಗೆ ನೀಲಿ ಕಾಣುತ್ತೆ, ಬಟ್ಟೆಗೆ ಹಾಕೋ ನೀಲಿಗೆ ಹಾಲು ಬೆರೆಸಿದ ಹಾಗೆ, ಎಷ್ಟು ತಣ್ಣಗೆ ಕಾಣುತ್ತೆ ಅಂದ್ರೆ ಕೈ ಅದ್ದೋಣ ಅನ್ನಿಸುತ್ತೆ. ಅದು 98 ಡಿಗ್ರಿ. ಬುಟ್ಟಿಯಲ್ಲಿ ಮೊಟ್ಟೆ ಇಳಿಬಿಟ್ಟು ಬೇಯಿಸ್ತಾರೆ. ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂರೋಕೆ ಅಶಿಯು, ಅಂದ್ರೆ ಪಾದಕ್ಕಷ್ಟೇ ಸ್ನಾನ. ನವೆಂಬರ್ ಚಳಿ, ಜಿನುಗು ಮಳೆ ಬೇರೆ, ಸಾಕ್ಸ್ ಬಿಚ್ಚಿ ಕಾಲಿಟ್ಟೆ ನೋಡಿ, ಆ ಬಿಸಿ ಮೊಣಕಾಲು ಹತ್ತಿ ಬೆನ್ನಿಗೆ ಬಂತು. ಇಪ್ಪತ್ತು ನಿಮಿಷ ಏಳಲಿಲ್ಲ. "ಪಾದ ಆಯ್ತು, ಇನ್ನು ಮಿಕ್ಕಿದ್ದು" ಅಂತ ಇವರು ಕಿಚಾಯಿಸಿದ್ರು, ಕೇಳಿಸದೇ ಇದ್ದೋಳ ಹಾಗೆ ಕೂತೆ.

ಒನಿಇಶಿಬೋಝು ಅನ್ನೋ ಕಡೆ ಬೂದು ಕೆಸರು ಗುಳ್ಳೆ ಗುಳ್ಳೆಯಾಗಿ ಉಬ್ಬಿ ಪ್ಳಪ್ ಅಂತ ಒಡೆಯುತ್ತೆ, ಥೇಟ್ ರಾಗಿ ಗಂಜಿ ಕುದಿಯೋ ಸದ್ದು. ಆ ಗುಳ್ಳೆಗಳು ಬೋಳಿಸಿದ ಸನ್ಯಾಸಿ ತಲೆ ತರ ಅಂತ ಆ ಹೆಸರಂತೆ. ಕಮಾದೋ, ಅಂದ್ರೆ ಒಲೆ, ಅಲ್ಲಿ ಒಬ್ಬ ಸಿಬ್ಬಂದಿ ಒಂದಿಷ್ಟು ಹೊಗೆ ತಗೊಂಡು ಕೊಳದ ಮೇಲೆ ಉಫ್ ಅಂತ ಊದಿದ. ಅಷ್ಟೇ, ಇಡೀ ಕೊಳದ ಹಬೆ ಒಮ್ಮೆಲೇ ಇಮ್ಮಡಿಯಾಗಿ ನಮ್ಮ ಮೇಲೇ ಬಂತು, ಮಕ್ಕಳೆಲ್ಲ ಕಿರುಚಿದ್ರು, ನಾನೂ. ಮಾಯ ಏನಿಲ್ಲ, ಹೊಗೆಯ ಸಣ್ಣ ಕಣಗಳ ಸುತ್ತ ನೀರಾವಿ ಹನಿಗಟ್ಟುತ್ತೆ, ಕಾಣದೇ ಇದ್ದ ಆವಿ ಕಾಣೋ ಹಾಗಾಗುತ್ತೆ. ಅದೇ ಕಡೆ ಬುಗ್ಗೆ ನೀರು ಕುಡಿಯೋಕೂ ಇಟ್ಟಿದ್ರು, ಉಪ್ಪುಪ್ಪು, ಒಂದು ಗುಟುಕಿಗೆ ಸಾಕು ಅನ್ನಿಸ್ತು. ಒನಿಯಾಮಾದಲ್ಲಿ ಮೊಸಳೆ ಸಾಕಿದಾರೆ, 1923ರಿಂದ. ಬಿಸಿನೀರಿದೆ ಅಂತ ಮೊಸಳೆ ಸಾಕೋ ಐಡಿಯಾ ಯಾರಿಗೆ ಹೊಳೀತೋ. ಬಿಳಿ ಕೊಳ ಶಿರಾಇಕೆ ಓಡ್ತಾ ನೋಡಿದ್ದು, ಹೊಟ್ಟೆ ಹಸಿದಿತ್ತು.

ನನ್ನಂಥ ಸಸ್ಯಾಹಾರಿಗಳಿಗೆ ಜಪಾನಲ್ಲಿ ಊಟ ಅಂದ್ರೆ ದಿನಾ ಪರೀಕ್ಷೆ, ಆದ್ರೆ ಬೆಪ್ಪುನಲ್ಲಿ ಪಾಸಾದೆ. ಜಿಗೋಕುಮುಶಿ ಅಂತ, ನೆಲದಿಂದ ಬರೋ ಹಬೆಯಲ್ಲೇ ಅಡುಗೆ. ತರಕಾರಿ ತಗೊಂಡು ಬುಟ್ಟಿಗೆ ಹಾಕಿ, ದಪ್ಪ ಗ್ಲೌಸ್ ಹಾಕ್ಕೊಂಡು ನಾವೇ ಹಬೆ ಗುಂಡಿಗೆ ಇಳಿಸಿ ಮುಚ್ಚಳ ಮುಚ್ಚಬೇಕು, ಕೈಗೊಂದು ಟೈಮರ್ ಕೊಡ್ತಾರೆ. ಗೆಣಸು, ಸಿಹಿಕುಂಬಳ, ಜೋಳ, ಕೋಸು. ಹಬೆಯಲ್ಲೇ ಒಂಚೂರು ಉಪ್ಪಿದ್ದಿದ್ದಕ್ಕೋ ಏನೋ ಗೆಣಸು ಹಾಗೇ ಕರಗ್ತಿತ್ತು, ಇವರ ಪಾಲಿನ ಅರ್ಧಾನೂ ನಾನೇ ತಿಂದೆ.

ಉಳಿದ ಎರಡು ನರಕಕ್ಕೆ ಮತ್ತೆ ಬಸ್. ಚಿನೋಇಕೆ, ರಕ್ತದ ಕೊಳ, ಕಬ್ಬಿಣದ ಅಂಶದ ಬಿಸಿ ಮಣ್ಣಿಗೆ ನೀರೆಲ್ಲ ಇಟ್ಟಿಗೆ ಕೆಂಪು. ತತ್ಸುಮಾಕಿ ಅನ್ನೋದು ಅರ್ಧ ಮುಕ್ಕಾಲು ಗಂಟೆಗೊಮ್ಮೆ ಚಿಮ್ಮೋ ಬುಗ್ಗೆ, ಮೇಲೆ ಕಲ್ಲಿನ ಚಾವಣಿ ಕಟ್ಟಿ ಅದರ ಹಾರಾಟ ತಡೆದಿದಾರೆ. ನಂಗೇನೋ ಅದು ಸ್ವಲ್ಪ ಅನ್ಯಾಯ ಅನ್ನಿಸ್ತು.

ಸಂಜೆ ತಾಕೆಗವಾರಾ ಒನ್ಸೆನ್. 1879ರಲ್ಲಿ ಶುರುವಾದ ಊರವರ ಸ್ನಾನದ ಮನೆ, ಆಗ ಬಿದಿರಿನ ಚಾವಣಿ ಇತ್ತಂತೆ, ಆಮೇಲೆ ಹೆಂಚು, ಹೆಸರೂ ಅದೇ, ತಾಕೆ ಅಂದ್ರೆ ಬಿದಿರು, ಕವಾರಾ ಅಂದ್ರೆ ಹೆಂಚು. ಈಗಿರೋ ಕಟ್ಟಡ 1938ರದ್ದು. ಸುತ್ತ ಬಾರ್ ಬೋರ್ಡುಗಳ ಸಣ್ಣ ಗಲ್ಲಿ, ಮಧ್ಯೆ ದೇವಸ್ಥಾನದ ತರ ಮಾಡು. ತಲಾ 300 ಯೆನ್. ಇವರು ಟವೆಲ್ ಹೆಗಲಿಗೆ ಹಾಕಿ ಯುದ್ಧಕ್ಕೆ ಹೊರಟವರ ತರ ಗಂಡಸರ ಕಡೆ ಹೋದ್ರು. ನಾನು ಹಾಲ್‌ನಲ್ಲಿ ಕೂತೆ. ಐದು ನಿಮಿಷ ಆಗಿಲ್ಲ, ಎಂಬತ್ತರ ಹತ್ತಿರದ ಅಜ್ಜಿ ಒಬ್ಬರು ಪ್ಲಾಸ್ಟಿಕ್ ಬುಟ್ಟೀಲಿ ಸೋಪು ಇಟ್ಕೊಂಡು, ಹಾಲು ತರೋಕೆ ಹೋಗೋರ ಹಾಗೆ ಪರದೆ ಸರಿಸಿ ಒಳಗೆ ಹೋದ್ರು. ಮಳೆಗೆ ನನ್ನ ಪಾದ ಮತ್ತೆ ತಣ್ಣಗಾಗಿತ್ತು. ಯಾಕೆ ಎದ್ದೆ ಅಂತ ಈಗ್ಲೂ ಗೊತ್ತಿಲ್ಲ, ಎದ್ದೆ.

ಒಳಗೆ ಹೋದ್ರೆ ಮರೆ ಅನ್ನೋದೇ ಇಲ್ಲ. ಬಟ್ಟೆ ಬಿಚ್ಚೋ ಜಾಗ ಮೇಲೆ, ಮೆಟ್ಟಿಲಿಳಿದ್ರೆ ಕೆಳಗೆ ತೊಟ್ಟಿ, ನಡುವೆ ಬಾಗಿಲಿಲ್ಲ. ಎರಡು ಸಲ ಗುಂಡಿ ಬಿಚ್ಚಿ ಎರಡು ಸಲ ಹಾಕ್ಕೊಂಡೆ. ಕೊನೆಗೆ ಉಸಿರು ಬಿಗಿ ಹಿಡಿದು ಇಳಿದೆ. ಯಾರೂ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಬೇಜಾರೇ ಆಯ್ತು.

ಶವರ್ ಇಲ್ಲ, ತೊಟ್ಟಿಯಿಂದಲೇ ಚೊಂಬಿನಷ್ಟು ಮೊಗೆದು ಮೈ ತೊಳ್ಕೋಬೇಕು. ಮೊದಲ ನೀರು ಹೆಗಲಿಗೆ ಬಿದ್ದಿದ್ದೇ "ಅಯ್ಯಪ್ಪಾ" ಅಂದೆ. ಅಜ್ಜಿ ನಕ್ಕು "ಅತ್ಸುಯ್, ಅತ್ಸುಯ್" ಅಂದ್ರು, ಬಿಸಿ ಅಂತ. ಆಮೇಲೆ ನನ್ನ ಜಡೆ ತೋರಿಸಿ ಮೇಲಕ್ಕೆ ಕಟ್ಟು ಅಂತ ಕೈಸನ್ನೆ, ಕಾಲಿಗೆ ಮೊದಲು ಹಾಕು, ಆಮೇಲೆ ಮೊಣಕಾಲು, ಸೊಂಟ. ಇಳಿದ ಮೇಲೆ ಅಲ್ಲಾಡಬೇಡ ಅಂತ ಅಂಗೈ ಚಪ್ಪಟೆ ಮಾಡಿ ತೋರಿಸಿದ್ರು. ನಿಜ, ಅಲ್ಲಾಡದೆ ಕೂತ್ರೆ ತಡ್ಕೋಬಹುದು, ಒಂದು ಬೆರಳು ಆಡಿಸಿದ್ರೂ ಸುಡುತ್ತೆ. ಇಬ್ಬರೂ ಕತ್ತಿನ ತನಕ ಮುಳುಗಿ ಗೊಂಬೆಗಳ ಹಾಗೆ ಕೂತಿದ್ವಿ, ಸೂರಿಂದ ಟಪ್ ಟಪ್ ಅಂತ ತಣ್ಣನೆ ಹನಿ ತಲೆ ಮೇಲೆ. ಭಾಷೆ ಬರಲ್ಲ, ಮಾತು ಬೇಕಾಗಲೂ ಇಲ್ಲ. ಆಗಾಗ ಎದ್ದು ಮೆಟ್ಟಿಲ ಮೇಲೆ ಕೂತು ಆರಿಸ್ಕೊಂಡು ಮತ್ತೆ ಇಳಿಯೋದು, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

ಹೊರಗೆ ಬಂದ್ರೆ ಇವರು ಬೆಂಚಿನ ಮೇಲೆ ಬೀಟ್‌ರೂಟ್ ಬಣ್ಣಕ್ಕೆ ತಿರುಗಿ ತಣ್ಣನೆ ಬಾಟಲಿ ಹಣೆಗೆ ಒತ್ತಿಕೊಂಡು ಕೂತಿದ್ರು.

"ಎಷ್ಟು ಹೊತ್ತು ಇದ್ರಿ?"

"ಮೂರು ನಿಮಿಷ. ಅದು ನೀರಲ್ಲ ಕಣೆ, ಎಂಟನೇ ನರಕ. ನೀನೆಲ್ಲಿ ಹಾಳಾಗಿ ಹೋಗಿದ್ದೆ, ಊರೆಲ್ಲ ಹುಡುಕೋಣ ಅಂತಿದ್ದೆ."

ನಾನು ಒದ್ದೆ ಜಡೆ ಹಿಂಡ್ತಾ ಗೋಡೆ ಮೇಲಿನ ಬೋರ್ಡ್ ನೋಡ್ತಿದ್ದೆ. "ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೀತಾರಂತೆ. ರೀ, ನಾಳೆ ನಮ್ಮ ಟ್ರೇನ್ ಎಷ್ಟೊತ್ತಿಗೆ?"