ಸ್ಟ್ರಾಲರ್ ಮಾರಲು ಹೋಗಿ ಮೆಟ್ಟಿಲು ಎಣಿಸಲು ಕಲಿತೆ

ಜಯನಗರದ ಒಂದು ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಆರು ವರ್ಷ ಆಯಿತು. ಬಟ್ಟೆ, ತೊಟ್ಟಿಲು, ಡಯಾಪರ್ ಎಲ್ಲ ಇದೆ, ನನ್ನ ಪಾಲಿಗೆ ಬಂದಿರುವುದು ಮಗುವನ್ನು ಕೂರಿಸಿ ತಳ್ಳುವ ಗಾಡಿಗಳು. ಕೆಲವರು ಪ್ರಾಮ್ ಅಂತಾರೆ, ಕೆಲವರು ಸ್ಟ್ರಾಲರ್ ಅಂತಾರೆ, ಅಜ್ಜಿಯರು "ಆ ತಳ್ಳೋ ಗಾಡಿ ತೋರ್ಸಮ್ಮ" ಅಂತಾರೆ. ಯಾರು ಏನೇ ಕೇಳಿದರೂ ಮೊದಲ ಎರಡು ವರ್ಷ ನಾನು ಮಾಡುತ್ತಿದ್ದದ್ದು ಒಂದೇ. ಇರೋದರಲ್ಲಿ ದುಬಾರಿಯದ್ದನ್ನು ಎಳೆದು ತಂದು, ಅಂಗಡಿಯ ಟೈಲ್ಸ್ ಮೇಲೆ ಒಂದೇ ಬೆರಳಲ್ಲಿ ತಳ್ಳಿ ತೋರಿಸುವುದು. ಖಾಲಿ ಗಾಡಿ, ನುಣುಪು ನೆಲ, ಯಾವ ಗಾಡಿ ತಾನೇ ಓಡುವುದಿಲ್ಲ ಹೇಳಿ?

ಹಾಗೇ ಒಂದು ಕುಟುಂಬಕ್ಕೆ ಟ್ರಾವೆಲ್ ಸಿಸ್ಟಮ್ ಮಾರಿದೆ. ಅಂದರೆ ಒಂದೇ ಚೌಕಟ್ಟು, ಅದಕ್ಕೆ ಕೂರುವ ಸೀಟನ್ನೂ ಹಾಕಬಹುದು, ಕಾರಿನ ಸೀಟನ್ನೂ ಹಾಕಬಹುದು. ಎಲ್ಲ ಸೇರಿ 14 ಕೆಜಿ. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅಳಿಯ ಖುಷಿಯಿಂದ ಕಾರ್ಡ್ ಕೊಟ್ಟರು, ನನಗೆ ಆ ತಿಂಗಳ ಇನ್ಸೆಂಟಿವ್ ಬಂತು.

ಮೂರು ವಾರ ಬಿಟ್ಟು ಆ ಮಗುವಿನ ಅಜ್ಜಿ ಒಬ್ಬರೇ ಬಂದರು. ಗಾಡಿ ತಂದಿರಲಿಲ್ಲ. "ತರೋದು ಹೇಗಮ್ಮ? ನಮ್ಮನೆ ಎರಡನೇ ಮಹಡಿ. 38 ಮೆಟ್ಟಿಲು. ಅಳಿಯ ಊರಿಗೆ ಹೋದ, ಮಗಳಿಗೆ ಆಪರೇಷನ್ ಆಗಿದೆ, ಭಾರ ಎತ್ತಬಾರದು. ನಾನು ಅದನ್ನ ಎತ್ತಲಾ, ಮಗೂನ ಎತ್ತಲಾ?" ಈಗ ಅದರಲ್ಲಿ ಒಗೆದ ಬಟ್ಟೆ ಇಡುತ್ತಿದ್ದೇವೆ ಅಂದರು. ಬದಲಾಯಿಸಿಕೊಡಲು ಆಗಲಿಲ್ಲ, ಬಿಲ್ಲಿನಲ್ಲಿ ಏಳು ದಿನ ಅಂತ ಇತ್ತು. ಬೈದಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ. ಬೈಯಲಿಲ್ಲ, ಎರಡು ಉಣ್ಣೆ ಟೋಪಿ ಕೊಂಡುಕೊಂಡು ಹೋದರು.

ಅವತ್ತಿನಿಂದ ಗಾಡಿ ತೋರಿಸುವ ಮುಂಚೆ ಕೇಳುತ್ತೇನೆ: ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಇದ್ದರೆ ಅದರ ಬಾಗಿಲು ಎಷ್ಟು ಅಗಲ, ಕಾರು ಯಾವುದು, ದಿನಾ ಗಾಡಿ ತಳ್ಳುವವರು ಯಾರು. ಒಬ್ಬರು ನಕ್ಕು, "ಏನ್ ಮೇಡಂ, ಮನೆ ಬಾಡಿಗೆಗೆ ಕೊಡ್ತೀರಾ?" ಅಂದರು. ಅವರದು ಸಿಎನ್‌ಜಿ ಕಾರು. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ, ಗಾಡಿ ಎಲ್ಲಿಡುತ್ತೀರಿ ಸರ್ ಅಂದಾಗ ನಗು ನಿಂತು ಪಾರ್ಕಿಂಗ್‌ಗೆ ಹೋದರು, ಅಳತೆ ತೆಗೆಯಲು.

ಇನ್ನೊಂದು ಬದಲಾವಣೆ ಅಕ್ಕಿ ಚೀಲ. 5 ಕೆಜಿಯ ಎರಡು ಸೋನಾ ಮಸೂರಿ ಚೀಲ ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದೇನೆ. ಒಂದು ವರ್ಷದ ಮಗು ಹೆಚ್ಚುಕಡಿಮೆ 9-10 ಕೆಜಿ ಇರುತ್ತದೆ ಅಲ್ವಾ, ಎರಡೂ ಚೀಲ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಗಾಡಿಯನ್ನು ಅಂಗಡಿಯ ಹೊರಗೆ ಫುಟ್‌ಪಾತ್‌ಗೆ ತಳ್ಳಿಕೊಂಡು ಹೋಗಿ ಅನ್ನುತ್ತೇನೆ. ಓನರ್‌ಗೆ ಮೊದಮೊದಲು ಇದು ಹಿಡಿಸಲಿಲ್ಲ, ಚಕ್ರ ಕೊಳೆಯಾಗುತ್ತದೆ ಅಂತ. ಆದರೆ ನಮ್ಮ ಫುಟ್‌ಪಾತ್ ಮಾತಾಡುವಷ್ಟು ನಾನು ಮಾತಾಡಲಾರೆ. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯ 2012ರ ನಿಯಮದಲ್ಲಿ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು ಅಂತ ಇತ್ತು. ನಮ್ಮ ಅಂಗಡಿ ಮುಂದೆ ಎಳನೀರಿನವರು, ಎರಡು ಸ್ಕೂಟರ್, ಅಲುಗಾಡುವ ಒಂದು ಚಪ್ಪಡಿ, ಆಮೇಲೆ ಮೊಣಕಾಲಿನವರೆಗೆ ಬರುವ ಅಂಚು. ಸಣ್ಣ ಪ್ಲಾಸ್ಟಿಕ್ ಚಕ್ರದ ಗಾಡಿ ಆ ಚಪ್ಪಡಿ ಸಂದಿಗೆ ಬಂದ ಕೂಡಲೇ ಮುಂದಿನ ಚಕ್ರ ಅಡ್ಡ ತಿರುಗಿ ಗಕ್ಕನೆ ನಿಲ್ಲುತ್ತದೆ, ಅಕ್ಕಿ ಚೀಲ ಮುಂದಕ್ಕೆ ಮುಗ್ಗರಿಸುತ್ತದೆ. ಬೆಲ್ಟ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಇಲ್ಲಿ ಒಂದು ಇಕ್ಕಟ್ಟು ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ರಸ್ತೆಗೆ ದೊಡ್ಡ ಚಕ್ರ ಬೇಕು, ನಮ್ಮ ಮೆಟ್ಟಿಲಿಗೆ ಹಗುರ ಗಾಡಿ ಬೇಕು, ಎರಡೂ ಒಂದರಲ್ಲೇ ಸಿಗುವುದು ಕಷ್ಟ. ದೊಡ್ಡ ಅಪಾರ್ಟ್‌ಮೆಂಟಿನವರು ಕಾಂಪೌಂಡಿನೊಳಗೇ ಸುತ್ತುವುದು, ಅವರಿಗೆ ಹಗುರದ್ದೇ ಸಾಕು. ಮನೆಯಿಂದ ಪಾರ್ಕಿಗೆ ರಸ್ತೆಯಲ್ಲೇ ನಡೆದು ಹೋಗುವವರು, ಅದೂ ನೆಲಮಹಡಿಯಲ್ಲಿರುವವರು, ಎರಡು ಕೆಜಿ ಜಾಸ್ತಿಯಾದರೂ ದೊಡ್ಡ ಚಕ್ರದ್ದನ್ನೇ ತಗೊಳ್ಳಲಿ. ರಸ್ತೆಯಲ್ಲೂ ನಡೆಯಬೇಕು, ಮೂರನೇ ಮಹಡಿಗೂ ಹತ್ತಬೇಕು ಅನ್ನುವವರಿಗೆ ನಾನು ಗಾಡಿ ಬಿಟ್ಟು, ಮಗುವನ್ನು ಮೈಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ತೋರಿಸಿದ್ದೂ ಇದೆ. ಓನರ್ ಮುಖ ಅವತ್ತು ನೋಡಬೇಕಿತ್ತು.

ಕೊಡೆಯ ಹಾಗೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದ್ದು ಓವೆನ್ ಮೆಕ್ಲಾರೆನ್ ಅನ್ನುವ ಬ್ರಿಟಿಷ್ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧ ವಿಮಾನದ ಚಕ್ರದ ಭಾಗದಲ್ಲಿ ಕೆಲಸ ಮಾಡಿದ್ದವರು. ಅಲ್ಯೂಮಿನಿಯಂ ಕೊಳವೆಯ ಅವರ ಗಾಡಿ 3 ಕೆಜಿಗಿಂತ ಕಡಿಮೆ ಇತ್ತು. ಈಗ ಮೆತ್ತೆ, ಚಾವಣಿ, ಬುಟ್ಟಿ ಎಲ್ಲ ಸೇರಿ ಅಂಥದ್ದೇ ಗಾಡಿ 5-7 ಕೆಜಿ ಬರುತ್ತದೆ. ಆದರೆ ಹುಟ್ಟಿದ ಮಗುವಿಗೆ ಇವು ಬೇಡ. ಬೆನ್ನು ಪೂರ್ತಿ ಮಲಗುವುದಿಲ್ಲ, ಕುತ್ತಿಗೆ ನಿಲ್ಲದ ಮಗುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೆ ತೊಂದರೆ. ಮೊದಲ ತಿಂಗಳುಗಳಿಗೆ ಬೇಕಿದ್ದರೆ ಸೀಟು ಚಪ್ಪಟೆಯಾಗಿ ಮಲಗಬೇಕು. ಮಗು ತಾನಾಗಿ ಕೂರುವವರೆಗೆ ಕಾಯ್ದರೆ ಖರ್ಚೂ ಕಡಿಮೆ, ಮನೆಯಲ್ಲಿ ಜಾಗವೂ ಉಳಿಯುತ್ತದೆ. ಬಾಣಂತಿಯರು ಹೇಗೂ ಮೂರು ತಿಂಗಳು ಹೊರಗೆ ಓಡಾಡುವುದು ಕಡಿಮೆ, ಗಾಡಿ ಅಷ್ಟರವರೆಗೆ ಸುಮ್ನೆ ಮೂಲೆಯಲ್ಲಿ ನಿಂತಿರುತ್ತದೆ.

ಮಡಚಿ ನೋಡದೆ ದುಡ್ಡು ಕೊಡಬೇಡಿ. ನಾನು ಮಡಚಿ ತೋರಿಸಿದ್ದು ಲೆಕ್ಕಕ್ಕಿಲ್ಲ, ನಾನು ದಿನಕ್ಕೆ ಇಪ್ಪತ್ತು ಸಲ ಮಡಚುವವಳು. ಒಂದು ಚೀಲ ಅಕ್ಕಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಮಡಚಿ ನೋಡಿ. ಆಗ ಮಗು ಮಾತ್ರ ದೂರ ಇರಲಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಕೀಲಿಗೆ ಮುಚ್ಚಳ ಹಂಚಬೇಕಾಗಿ ಬಂತು. ಬಿಚ್ಚುವಾಗ, ಮಡಚುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗಿತ್ತು. ಹಿಡಿಕೆಯ ಎತ್ತರವನ್ನೂ ನೋಡಿಕೊಳ್ಳಿ. ಎತ್ತರದ ಅಪ್ಪಂದಿರು ತಗ್ಗಿನ ಹಿಡಿಕೆ ಹಿಡಿದು ನಡೆದರೆ ಹೆಜ್ಜೆಹೆಜ್ಜೆಗೂ ಕಾಲು ಹಿಂದಿನ ಚಕ್ರಕ್ಕೆ ಬಡಿಯುತ್ತದೆ. ತರಕಾರಿ ಚೀಲವನ್ನು ಹಿಡಿಕೆಗೆ ನೇತುಹಾಕುವವರಿಗಂತೂ ನಾನೇ ಮಾಡಿ ತೋರಿಸುತ್ತೇನೆ. ಒಂದು ಚೀಲ ಅಕ್ಕಿ ಹಿಡಿಕೆಗೆ, ಖಾಲಿ ಸೀಟು, ಧಡ್ ಅಂತ ಹಿಂದಕ್ಕೆ ಮಗುಚುತ್ತದೆ. ಮಗು ಕೂತಿದ್ದಾಗ ನಿಂತೇ ಇರುತ್ತದೆ, ಮಗುವನ್ನು ಎತ್ತಿಕೊಂಡ ಕ್ಷಣ ಬೀಳುತ್ತದೆ.

ದೊಡ್ಡ ಮಗುವಿಗೆ ಎರಡೂವರೆ ವರ್ಷ, ಇನ್ನೊಂದು ಬರುತ್ತಿದೆ, ಇಬ್ಬರಿಗೂ ಸೇರಿ ಜೋಡಿ ಗಾಡಿ ಬೇಕು ಅಂತ ಬರುವವರಿಗೆ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಅಕ್ಕಪಕ್ಕ ಎರಡು ಸೀಟು ಇರುವ ಗಾಡಿ ಎಷ್ಟೋ ಹಳೆ ಲಿಫ್ಟಿನ ಬಾಗಿಲಲ್ಲಿ ತೂರುವುದಿಲ್ಲ. ದೊಡ್ಡದು ಇನ್ನು ಆರು ತಿಂಗಳಲ್ಲಿ ಗಾಡಿಯಲ್ಲಿ ಕೂರಲ್ಲ ಅಂತ ರಂಪ ಮಾಡುತ್ತದೆ. ಒಂದೇ ಸೀಟಿನದ್ದು ಸಾಕು ಅಂತ ಹೇಳಿ ಕಳಿಸುತ್ತೇನೆ.

ಕೊಂಡು ಹೋದ ಮೇಲೂ ಬರುತ್ತಾರೆ. "ಚಕ್ರ ತಿರುಗ್ತಾ ಇಲ್ಲ ಮೇಡಂ, ಗಾಡಿ ಡಿಫೆಕ್ಟ್." ತಲೆಕೆಳಗೆ ಮಾಡಿ ನೋಡಿದರೆ ಮುಂದಿನ ಚಕ್ರದ ಅಚ್ಚಿಗೆ ಉದ್ದ ಕೂದಲು, ಸೀರೆಯ ದಾರ, ಒಂದೊಂದು ಸಲ ಒಣಗಿದ ಮಲ್ಲಿಗೆ ದಂಡೆಯ ನಾರು ಸುತ್ತಿಕೊಂಡಿರುತ್ತದೆ. ಚಿಮುಟದಲ್ಲಿ ಎಳೆದು ತೆಗೆಯುತ್ತೇನೆ, ಹತ್ತು ನಿಮಿಷದ ಕೆಲಸ. ಹೋದ ವಾರ ಒಬ್ಬರು ಮನೆಯಲ್ಲೇ ರಿಪೇರಿ ಮಾಡಿ ತಂದಿದ್ದರು, ಕೂದಲಿನ ಮೇಲೆ ಧಾರಾಳವಾಗಿ ಕೊಬ್ಬರಿ ಎಣ್ಣೆ. ಧೂಳು ಮೆತ್ತಿಕೊಂಡು ಚಕ್ರ ಹೂರಣದ ಉಂಡೆ ಆಗಿತ್ತು. ಎಣ್ಣೆ ಹಾಕಬೇಡಿ ಸರ್ ಅಂದೆ. "ಹೊಲಿಗೆ ಮಿಷನ್ ಎಣ್ಣೆ?" ಅಂದರು.

ಅದೂ ಬೇಡ ಸರ್.